ಶಾಸ್ತ್ರದ ಇಂಗ್ಲಿಷು ಮತ್ತು ಹೊರನಾಡಿನ ಕನ್ನಡ ವಿದ್ಯಾರ್ಥಿ

ಮುಂಬಯಿಯಲ್ಲಿ ಬೆಳೆದ ಕನ್ನಡ ಮಗುವಿನ ಭಾಷಾಪರಿಸರ ಒಳನಾಡಿನ ಮಗುವಿನದಕ್ಕಿಂತ ತೀರ ಭಿನ್ನವಾದುದು. ಮನೆಯಲ್ಲಿ ತುಳುವೋ ಕೊಂಕಣಿಯೋ ವಿಜಾಪುರದ ಕಡೆಯ ಕನ್ನಡವೋ ಇರುತ್ತದೆ, ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಹೋದರೆ ಅಲ್ಲಿ ಪಠ್ಯಪುಸ್ತಕದ ಕನ್ನಡ, ಬೀದಿಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಿಂದ ಬರುವವರ ಪಾಡೂ ಹೆಚ್ಚು ಕಡಿಮೆ ಇದೇ. ಇಷ್ಟು ಭಾಷೆಗಳನ್ನು ಯಾವ ವ್ಯಾಕರಣದ ನೆರವೂ ಇಲ್ಲದೆ ಬಳಕೆಯಿಂದಲೇ ಒಲಿಸಿಕೊಂಡ ವಿದ್ಯಾರ್ಥಿ ಕಾಲೇಜಿಗೆ ಬಂದೊಡನೆ 'ಭಾಷೆ ಬಾರದವನು' ಎನಿಸಿಕೊಳ್ಳುತ್ತಾನೆ. ಅರ್ಥಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಮೆಚ್ಚಿ ಆರಿಸಿಕೊಂಡವನು ಮೊದಲ ವರ್ಷ ಮುಗಿಯುವುದರೊಳಗೆ ಆ ವಿಷಯ ತನ್ನ ಬುದ್ಧಿಗೆ ಮೀರಿದ್ದೆಂದು ತೀರ್ಮಾನಿಸಿಬಿಡುತ್ತಾನೆ. ಅವನಿಗೆ ಮೀರಿದ್ದು ವಿಷಯವಲ್ಲ, ಆ ವಿಷಯವನ್ನು ಹೇಳುವ ಇಂಗ್ಲಿಷು. ಈ ಎರಡನ್ನೂ ಬೇರೆ ಮಾಡಿ ತೋರಿಸುವವರು ಅವನಿಗೆ ದೊರೆಯುವುದು ಅಪರೂಪ.

ಇಂಗ್ಲಿಷ್ ಕಲಿಯುವುದೆಂದರೆ ಮಾತನಾಡಲು ಕಲಿಯುವುದು ಎಂಬ ಭಾವನೆ ಎಲ್ಲೆಡೆ ಬೇರೂರಿದೆ. ಸಂಭಾಷಣೆಯ ಇಂಗ್ಲಿಷನ್ನು ಕೆಲವೇ ವಾರಗಳಲ್ಲಿ ಕಲಿಸುವುದಾಗಿ ಹೇಳುವ ತರಗತಿಗಳು ಬಡಾವಣೆಗೊಂದರಂತೆ ಇವೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ಒಂದು ವಿಭಜನೆಯನ್ನು ಇಲ್ಲಿ ನೆನೆಯಬೇಕು. ದಿನಬಳಕೆಯ ಮಾತಿನ ಸಾಮರ್ಥ್ಯ ಒಂದು, ಶಾಸ್ತ್ರವಿಷಯವನ್ನು ಓದಿ ಬರೆಯುವ ಸಾಮರ್ಥ್ಯ ಇನ್ನೊಂದು; ಮೊದಲನೆಯದು ಬಂದಿತೆಂದು ಎರಡನೆಯದು ತಾನಾಗಿ ಬರುವುದಿಲ್ಲ. ಕೆನಡಾಕ್ಕೆ ವಲಸೆ ಬಂದ ಮಕ್ಕಳಿಗೆ ಸಂಭಾಷಣೆ ಸುಮಾರು 2 ವರ್ಷಗಳಲ್ಲಿ ಕೈವಶವಾದರೆ, ಶಾಸ್ತ್ರಭಾಷೆಯಲ್ಲಿ ತಮ್ಮ ವಯಸ್ಸಿನ ಇತರರ ಮಟ್ಟ ಮುಟ್ಟಲು 5ರಿಂದ 7 ವರ್ಷಗಳು ಬೇಕಾದವು ಎಂಬುದು ಅವರ ಶೋಧನೆಯ ಸಾರ. ಸುತ್ತಲೂ ಇಂಗ್ಲಿಷೇ ಇದ್ದ ಮಕ್ಕಳ ಲೆಕ್ಕ ಅದು. ಹನ್ನೆರಡನೆಯ ತರಗತಿಯವರೆಗೆ ಇಂಗ್ಲಿಷನ್ನು ಒಂದು ಪಾಠವಾಗಿ ಮಾತ್ರ ಕಂಡ ವಿದ್ಯಾರ್ಥಿಯಿಂದ ಒಂದೇ ವರ್ಷದಲ್ಲಿ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಶಾಸ್ತ್ರಭಾಷೆ ಯಾರ ತಾಯ್ನುಡಿಯೂ ಅಲ್ಲ. ಸುಶಿಕ್ಷಿತ ಮನೆತನದ ಮಕ್ಕಳೂ ಅದನ್ನು ಕಲಿತೇ ತೀರಬೇಕು ಎಂದು ಫ್ರಾನ್ಸಿನ ಪಿಯರ್ ಬೋರ್ದಿಯೂ ಮತ್ತು ಪಾಸೆರೋನ್ 1965ರಲ್ಲಿ ವಾದಿಸಿದರು. ಆದರೆ ಕೆಲವು ಮನೆಗಳು ಆ ಭಾಷೆಗೆ ಹತ್ತಿರವಿರುತ್ತವೆ, ಕೆಲವು ದೂರವಿರುತ್ತವೆ. ಅಂತರ ಅಷ್ಟೇ, ಆದರೆ ಆ ಅಂತರ ಚಿಕ್ಕದಲ್ಲ. ಕನ್ನಡದ ವಿದ್ವತ್ ಪರಂಪರೆಗೆ ಈ ಮಾತು ಹೊಸದೆನಿಸಲಾರದು. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನೇ ಬರೆದನು, ಆದರೆ 'ಕರ್ಣಾಟಕ ಶಬ್ದಾನುಶಾಸನ'ದ ಸೂತ್ರಗಳೂ ವೃತ್ತಿಯೂ ವ್ಯಾಖ್ಯಾನವೂ ಸಂಸ್ಕೃತದಲ್ಲಿವೆ. ಅವನಿಗಿಂತ ಮೊದಲು ನಾಗವರ್ಮನು 'ಕರ್ಣಾಟಕ ಭಾಷಾಭೂಷಣ'ದಲ್ಲಿ ಅದೇ ದಾರಿ ಹಿಡಿದಿದ್ದನು. ತಮ್ಮ ನುಡಿಯ ಬಗೆಗಿನ ತಿಳಿವನ್ನು ಕರ್ನಾಟಕದಾಚೆಯ ವಿದ್ವಾಂಸರ ಮುಂದಿಡಬೇಕಾದಾಗ ಅವರು ಯಾರ ಮನೆಯಲ್ಲೂ ಮಗುವಿನ ಮೊದಲ ಮಾತಾಗಿಲ್ಲದ ಭಾಷೆಯೊಂದನ್ನು ಶ್ರಮದಿಂದ ಕಲಿತು ಬಳಸಿದರು. ಇಂದಿನ ವಿದ್ಯಾರ್ಥಿಯ ಎದುರಿಗೆ ಆ ಸ್ಥಾನದಲ್ಲಿ ಇಂಗ್ಲಿಷ್ ನಿಂತಿದೆ. ಅದಕ್ಕೆ ವಸಾಹತುಶಾಹಿಯ ಇತಿಹಾಸವಿದೆ, ಉದ್ಯೋಗದ ಬಲವಿದೆ. ಸಂಸ್ಕೃತದೊಡನೆ ಅದನ್ನು ಪೂರ್ತಿ ಸಮೀಕರಿಸುವುದು ತಪ್ಪಾದೀತು. ಆದರೂ ಕಲಿಕೆಯ ಸ್ವರೂಪ ಒಂದೇ.

ಮೊದಲಿಗೆ ಶಬ್ದಸಂಪತ್ತನ್ನು ನೋಡಬಹುದು. ಕನ್ನಡದಲ್ಲಿ 'ಹುಟ್ಟು' ಮತ್ತು 'ಉತ್ಪತ್ತಿ', 'ಬೆಳೆ' ಮತ್ತು 'ವಿಕಾಸ', 'ಹುಡುಕು' ಮತ್ತು 'ಅನ್ವೇಷಿಸು' ಎಂಬ ಎರಡು ಪದರಗಳಿವೆ. ಮನೆಯ ಮಾತಿಗೆ ದೇಶ್ಯ, ಶಾಸ್ತ್ರದ ಮಾತಿಗೆ ತತ್ಸಮ. ಇಂಗ್ಲಿಷಿನಲ್ಲೂ ಇದೇ ರಚನೆ ಇದೆ. 'ಗೆಟ್' ಮನೆಯದು, 'ಅಬ್ಟೇನ್' ಶಾಸ್ತ್ರದ್ದು. 'ಶೋ' ಮನೆಯದು, 'ಡೆಮಾನ್‌ಸ್ಟ್ರೇಟ್' ಶಾಸ್ತ್ರದ್ದು. ಎರಡನೆಯ ಪದರದ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್ ಮೂಲದಿಂದ ಬಂದಿದೆ. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಎಲ್ಲ ಶಾಸ್ತ್ರಗಳಿಗೂ ಸಾಮಾನ್ಯವಾದ 570 ಪದಕುಟುಂಬಗಳಿವೆ. ಶಾಸ್ತ್ರಬರಹದ ನೂರು ಪದಗಳಲ್ಲಿ ಸುಮಾರು ಹತ್ತು ಈ ಕುಟುಂಬಗಳಿಗೆ ಸೇರಿದವು. ಕನ್ನಡದ ತತ್ಸಮಗಳನ್ನು ಧಾತು, ಉಪಸರ್ಗ, ಪ್ರತ್ಯಯಗಳಾಗಿ ಬಿಡಿಸಲು ಬಲ್ಲ ವಿದ್ಯಾರ್ಥಿಗೆ ಈ ಪಟ್ಟಿ ಕಾಡಾಗಿ ಕಾಣುವುದಿಲ್ಲ. ದುರ್ದೈವವೆಂದರೆ ಆ ಬಿಡಿಸುವ ಅಭ್ಯಾಸ ಕನ್ನಡ ತರಗತಿಗಳಲ್ಲೇ ಮರೆಯಾಗುತ್ತಿದೆ.

ಪದಗಳಿಗಿಂತ ಕಷ್ಟವಾದದ್ದು ವಾಕ್ಯ. ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ 1982ರ ಜನವರಿಯಲ್ಲಿ ಆರಂಭವಾಯಿತು. ಅನಂತರದ ವರ್ಷಗಳ ಸ್ಥಿತಿಯನ್ನು ವಿದ್ಯಾರ್ಥಿಯೊಬ್ಬ ಕನ್ನಡದಲ್ಲಿ ಹೀಗೆ ಬರೆದಾನು: 'ಮಾಲೀಕರು ಗಿರಣಿಗಳನ್ನು ಮುಚ್ಚಿದರು, ಆದ್ದರಿಂದ ಎಷ್ಟೋ ಕೆಲಸಗಾರರು ಊರಿಗೆ ಮರಳಿದರು.' ಇಲ್ಲಿ ಎರಡು ಕ್ರಿಯಾಪದಗಳಿವೆ, ಎರಡು ಕರ್ತೃಗಳಿದ್ದಾರೆ, ನಡುವೆ ಕಾರಣವನ್ನು ಹೇಳುವ ಒಂದು ಅವ್ಯಯವಿದೆ. ಅದೇ ಸಂಗತಿ ಸಂಶೋಧನ ಪತ್ರಿಕೆಯ ಇಂಗ್ಲಿಷಿನಲ್ಲಿ 'ದ ಕ್ಲೋಷರ್ ಆಫ್ ದ ಮಿಲ್ಸ್ ಲೆಡ್ ಟು ದ ರಿಟರ್ನ್ ಮೈಗ್ರೇಷನ್ ಆಫ್ ವರ್ಕರ್ಸ್' ಎಂದಾಗುತ್ತದೆ. ಮುಚ್ಚುವ ಕ್ರಿಯೆ 'ಮುಚ್ಚುಗಡೆ' ಎಂಬ ನಾಮಪದವಾಯಿತು, ಮರಳುವ ಕ್ರಿಯೆ 'ಮರುವಲಸೆ' ಎಂಬ ನಾಮಪದವಾಯಿತು, ಕಾರಣ ಹೇಳುವ ಅವ್ಯಯವೇ ಕ್ರಿಯಾಪದದ ಸ್ಥಾನಕ್ಕೆ ಏರಿತು. ಈ ಕಟ್ಟಡದ ಗುಟ್ಟು ತಿಳಿಯದವನು ಪ್ರತಿ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿದರೂ ವಾಕ್ಯದ ಅರ್ಥವನ್ನು ಹಿಡಿಯಲಾರ.

ನಾಮೀಕರಣದಿಂದ ಲಾಭವಿದೆ. 'ಮುಚ್ಚುಗಡೆ' ಎಂಬ ಹೆಸರು ಬಂದಮೇಲೆ ಅದರ ಬಗ್ಗೆ ಮುಂದಿನ ವಾಕ್ಯದಲ್ಲಿ ಚರ್ಚಿಸಬಹುದು, ಅಳೆಯಬಹುದು, ಇನ್ನೊಂದು ನಗರದ ಮುಚ್ಚುಗಡೆಯೊಡನೆ ಹೋಲಿಸಬಹುದು. ಶಾಸ್ತ್ರಕ್ಕೆ ಇಂತಹ ಹೆಸರುಗಳು ಬೇಕು. ಆದರೆ ಕನ್ನಡ ವಾಕ್ಯದಲ್ಲಿದ್ದ ಮಾಲೀಕರು ಇಂಗ್ಲಿಷ್ ವಾಕ್ಯದಲ್ಲಿ ಎಲ್ಲಿ ಹೋದರು? ಗಿರಣಿಗಳು ತಾವಾಗಿಯೇ ಮುಚ್ಚಿಕೊಂಡವು ಎಂಬಂತೆ ಅದು ಓದಿಸಿಕೊಳ್ಳುತ್ತದೆ. ಕರ್ತೃವನ್ನು ಬಿಡುವುದು ಕೆಲವೊಮ್ಮೆ ಸಂಕ್ಷೇಪ, ಕೆಲವೊಮ್ಮೆ ಮರೆಮಾಚುವಿಕೆ. ಆದುದರಿಂದ ಇಂತಹ ವಾಕ್ಯವನ್ನು ಕಟ್ಟಲು ಕಲಿಸುವಾಗಲೇ ಅದನ್ನು ಬಿಚ್ಚಲೂ ಕಲಿಸಬೇಕು. ಇಂಗ್ಲಿಷಿನ ದೀರ್ಘ ನಾಮಪದವೊಂದನ್ನು ಎತ್ತಿಕೊಂಡು 'ಯಾರು, ಯಾರಿಗೆ, ಏನು ಮಾಡಿದರು' ಎಂದು ಕನ್ನಡದಲ್ಲಿ ಕೇಳಿಕೊಳ್ಳುವ ಅಭ್ಯಾಸ ಇದಕ್ಕೆ ಸಾಕು. ಗಿರಣಿ ಕೆಲಸಗಾರರ ಮೊಮ್ಮಕ್ಕಳೇ ಕುಳಿತಿರುವ ತರಗತಿಯಲ್ಲಿ ಈ ಪ್ರಶ್ನೆ ಬರಿಯ ವ್ಯಾಕರಣದ್ದಾಗಿ ಉಳಿಯುವುದಿಲ್ಲ.

'ಎ' ಮತ್ತು 'ದ' ಎಂಬ ಪುಟ್ಟ ಪದಗಳು ಪದವಿ ಮುಗಿಸಿದವರನ್ನೂ ಕಾಡುತ್ತವೆ. ಕನ್ನಡದಲ್ಲಿ ಇವಿಲ್ಲ, ಆದ್ದರಿಂದ ಕನ್ನಡಿಗರಿಗೆ ಇವು ಬಾರವು ಎಂದು ಹೇಳುವುದು ರೂಢಿ. ಆದರೆ 'ಅವಳು ಪುಸ್ತಕ ತಂದಳು' ಮತ್ತು 'ಅವಳು ಪುಸ್ತಕವನ್ನು ತಂದಳು' ಎಂಬೆರಡು ವಾಕ್ಯಗಳನ್ನು ಆಡಿ ನೋಡಿದರೆ ಅಂತರ ತಿಳಿಯುತ್ತದೆ. ಮೊದಲನೆಯದರಲ್ಲಿ ಯಾವುದೋ ಪುಸ್ತಕ. ಎರಡನೆಯದರಲ್ಲಿ ಸಾಮಾನ್ಯವಾಗಿ ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಪುಸ್ತಕ. ಅಚೇತನ ವಸ್ತುಗಳ ವಿಷಯದಲ್ಲಿ ದ್ವಿತೀಯಾ ವಿಭಕ್ತಿಯ ಪ್ರತ್ಯಯವು ಇಂಗ್ಲಿಷಿನ 'ದ' ಮಾಡುವ ಕೆಲಸದ ಒಂದಂಶವನ್ನು ಮಾಡುತ್ತಿದೆ. ನಿರ್ದಿಷ್ಟ–ಅನಿರ್ದಿಷ್ಟಗಳ ಅರಿವು ವಿದ್ಯಾರ್ಥಿಯಲ್ಲಿ ಮೊದಲೇ ಇದೆ, ಅದನ್ನು ಸೂಚಿಸುವ ಉಪಾಯ ಮಾತ್ರ ಬೇರೆ. ಇದನ್ನು ತೋರಿಸಿಕೊಡುವ ಇಂಗ್ಲಿಷ್ ವ್ಯಾಕರಣಗಳು ವಿರಳ. ಕನ್ನಡ ಅಧ್ಯಾಪಕರು ತೋರಿಸಬಲ್ಲರು.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕಾರಣ, ಷರತ್ತು, ವಿಶೇಷಣಗಳೆಲ್ಲ ಮುಂಚೆ ಬಂದು ನಿಲ್ಲುತ್ತವೆ. ಇದರಿಂದ ಭಾರತೀಯರ ವಾದವೇ ಸುತ್ತುಬಳಸಿನದು ಎಂಬ ಊಹೆಗೆ ಕೆಲವರು ಹೋಗುತ್ತಾರೆ. ಅಮೆರಿಕೆಯ ರಾಬರ್ಟ್ ಕಪ್ಲನ್ 1966ರಲ್ಲಿ ಭಾಷಾಕುಲಗಳಿಗನುಗುಣವಾಗಿ ಬರಹದ ಹರಿವು ನೇರವೋ ವರ್ತುಲವೋ ಎಂದು ಗೆರೆ ಎಳೆದೇ ತೋರಿಸಿದರು. ಆ ಚಿತ್ರಗಳು ಬಹಳ ಪ್ರಸಿದ್ಧವಾದವು, ಅಷ್ಟೇ ಟೀಕೆಗೂ ಗುರಿಯಾದವು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ತೆರೆದರೆ ಮೊದಲು ಸೂತ್ರ, ಬಳಿಕ ವೃತ್ತಿ, ಆಮೇಲೆ ಪ್ರಯೋಗ. ಪ್ರತಿಪಾದನೆ ಮುಂದೆ, ವಿವರಣೆ ಅನಂತರ, ಆಧಾರ ಕೊನೆಗೆ. ಇಂಗ್ಲಿಷ್ ಪ್ರಬಂಧದ ಪ್ಯಾರಾವನ್ನು ಕಟ್ಟುವ ಬಗೆಯೆಂದು ಈಗ ಕಲಿಸುವುದೂ ಬಹುಮಟ್ಟಿಗೆ ಇದನ್ನೇ. ಹದಿಮೂರನೆಯ ಶತಮಾನದ ಈ ಮಾದರಿಯನ್ನು ಎದುರಿಗಿಟ್ಟು ಪಾಠ ಹೇಳಿದರೆ ವಿದ್ಯಾರ್ಥಿಗೆ ತಾನು ಪರರ ಮನೆಯ ರೀತಿಯನ್ನು ಕಲಿಯುತ್ತಿದ್ದೇನೆಂಬ ಸಂಕೋಚ ಇರಲಾರದು.

ಇನ್ನು ಹೊಣೆಗಾರಿಕೆಯ ಪ್ರಶ್ನೆ. 'ಅವನು ಬಂದನಂತೆ' ಎನ್ನುವಾಗ ಕನ್ನಡಿಗನು ತಾನು ಕಣ್ಣಾರೆ ಕಂಡಿಲ್ಲವೆಂಬುದನ್ನು ಎರಡಕ್ಷರದಲ್ಲಿ ತಿಳಿಸುತ್ತಾನೆ. 'ಬಂದಿರಬಹುದು' ಎಂದಾಗ ಇನ್ನೊಂದು ಮೆಟ್ಟಿಲು ಹಿಂದೆ ಸರಿಯುತ್ತಾನೆ. ಶಾಸ್ತ್ರದ ಇಂಗ್ಲಿಷಿನಲ್ಲಿ 'ಸಜೆಸ್ಟ್ಸ್', 'ಅಪಿಯರ್ಸ್ ಟು', 'ಮೇ' ಮುಂತಾದವು ಈ ಕೆಲಸವನ್ನೇ ಮಾಡುತ್ತವೆ. ಆಕರಗಳ ಉಲ್ಲೇಖವೆಂಬುದು ವಿದ್ವತ್ತಿನ 'ಅಂತೆ' ಎನ್ನಲಡ್ಡಿಯಿಲ್ಲ. ವಿದ್ಯಾರ್ಥಿಗಳು ಈ ಮೆಟ್ಟಿಲುಗಳನ್ನು ಬಿಟ್ಟು ಎಲ್ಲವನ್ನೂ ನಿಶ್ಚಯವಾಗಿಯೇ ಬರೆಯುವುದಕ್ಕೆ ಅಹಂಕಾರ ಕಾರಣವಲ್ಲ. ಅವರು ಕಂಡ ಇಂಗ್ಲಿಷ್ ಗದ್ಯವೆಂದರೆ ಪರೀಕ್ಷೆಯ ಗೈಡುಗಳದು, ಮತ್ತು ಗೈಡುಗಳಿಗೆ ಸಂಶಯವೆಂಬುದೇ ಇಲ್ಲ.

ಗೈಡಿನ ಮಾತು ಬಂದಾಗ ನಕಲಿನ ವಿಚಾರವನ್ನೂ ಎತ್ತಬೇಕಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಾವಳಿಯನ್ನು ಹೊರಡಿಸಿತು, ಅದರಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ಶಿಕ್ಷೆಯಿಲ್ಲ, ಅದರಿಂದಾಚೆಗೆ ಹಂತಹಂತವಾಗಿ ಶಿಕ್ಷೆ. ಕದಿಯುವವರನ್ನು ತಡೆಯಲು ಇದು ಬೇಕಾದದ್ದೇ. ಆದರೆ ಓದಿದ್ದನ್ನು ಸ್ವಂತ ವಾಕ್ಯದಲ್ಲಿ ಹೇಳಲು ಇಂಗ್ಲಿಷ್ ಸಾಲದೆ, ಮೂಲದ ವಾಕ್ಯಕ್ಕೇ ಜೋತುಬೀಳುವ ಸಂಶೋಧನ ವಿದ್ಯಾರ್ಥಿಯೂ ಇದೇ ಬಲೆಗೆ ಸಿಕ್ಕುತ್ತಾನೆ. ಪದಗಳನ್ನು ಅಲ್ಲಲ್ಲಿ ಬದಲಿಸಿಕೊಡುವ ಯಂತ್ರಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಅವು ಸಾಮ್ಯದ ಶೇಕಡಾವಾರನ್ನು ಇಳಿಸುತ್ತವೆ, ತಿಳಿವನ್ನು ಏರಿಸುವುದಿಲ್ಲ. ಇದಕ್ಕಿಂತ ಹಳೆಯದಾದ ಒಂದು ಉಪಾಯ ಹೆಚ್ಚು ಫಲಕಾರಿ. ಇಂಗ್ಲಿಷಿನ ಒಂದು ಪುಟವನ್ನು ಓದಿ, ಪುಸ್ತಕವನ್ನು ಮುಚ್ಚಿ, ಅದರ ಸಾರವನ್ನು ಕನ್ನಡದಲ್ಲಿ ಐದಾರು ಸಾಲುಗಳಲ್ಲಿ ಬರೆಯುವುದು. ಮಾರನೆಯ ದಿನ ಮೂಲವನ್ನು ನೋಡದೆ ಆ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವುದು. ಬಂದ ಇಂಗ್ಲಿಷ್ ಒರಟಾಗಿರಬಹುದು, ಆದರೆ ಅದು ಎರವಲಿನದಲ್ಲ. ಕನ್ನಡದಲ್ಲಿ ಸಾರ ಬರೆಯಲು ಆಗದಿದ್ದರೆ ವಿಷಯವೇ ಅರ್ಥವಾಗಿಲ್ಲವೆಂಬುದು ಆಗಲೇ ಗೊತ್ತಾಗಿಬಿಡುತ್ತದೆ.

ಈ ದಾರಿಯಲ್ಲಿ ನಡೆದವರ ನಿದರ್ಶನಗಳಿಗೆ ಕೊರತೆಯಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾಗಿದ್ದು, ಅನಂತರ ಆಕ್ಸ್‌ಫರ್ಡಿಗೆ ಹೋದರು. ಅವರ ಮನೆಮಾತು ತಮಿಳು. ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯದ ಮಾತುಕತೆ ಕನ್ನಡದ್ದು. ಬರೆದದ್ದು ಇಂಗ್ಲಿಷಿನಲ್ಲಿ. ಕೊಡಗಿನ ಬಗೆಗಿನ 1952ರ ಗ್ರಂಥದಲ್ಲಿ ಅವರು ಬೆಳೆಸಿದ 'ಸಂಸ್ಕೃತೀಕರಣ', ಮುಂದಿನ ಲೇಖನಗಳಲ್ಲಿ ಬಳಸಿದ 'ಪ್ರಬಲ ಜಾತಿ' ಮುಂತಾದ ಪರಿಕಲ್ಪನೆಗಳು ಇಂಗ್ಲಿಷಿನ ಸಮಾಜಶಾಸ್ತ್ರಕ್ಕೇ ಸಂದ ಕಾಣಿಕೆಗಳು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಬಿದ್ದು ಹಳ್ಳಿಯ ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದಾಗ ಅವರು ಬಹುವಾಗಿ ನೆನಪನ್ನೇ ನೆಚ್ಚಿ ಬರೆದ ಕೃತಿ 1976ರಲ್ಲಿ ಹೊರಬಂದಿತು. ಕನ್ನಡದ ಕಿವಿಯಿಂದ ಕೇಳಿ ಇಂಗ್ಲಿಷಿನ ಲೇಖನಿಯಿಂದ ಬರೆಯುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಎ.ಕೆ. ರಾಮಾನುಜನ್ 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಡೆದ ಡಾಕ್ಟರೇಟಿನ ವಿಷಯವೂ ಕನ್ನಡದ ವ್ಯಾಕರಣವೇ ಆಗಿತ್ತು.

ಪದವಿ ಪರೀಕ್ಷೆಯ ಉತ್ತರಗಳನ್ನು ಸ್ಥಳೀಯ ಭಾಷೆಗಳಲ್ಲಿ ಬರೆಯಲು ಅವಕಾಶ ಕೊಡಬೇಕೆಂದು ಅನುದಾನ ಆಯೋಗ 2023ರಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತು. ಮುಂಬಯಿಯಲ್ಲೋ ಚೆನ್ನೈಯಲ್ಲೋ 'ಸ್ಥಳೀಯ ಭಾಷೆ' ಎಂದರೆ ಕನ್ನಡವಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ಆ ಬಾಗಿಲು ತೆರೆದರೂ ಅವನ ಮನೆಗೆ ದಾರಿಯಾಗುವುದಿಲ್ಲ. ಹೀಗಾಗಿ ಹೊರನಾಡಿನ ಕನ್ನಡ ವಿಭಾಗಗಳ ಕೆಲಸ ಸಾಹಿತ್ಯಪಾಠದಾಚೆಗೂ ಚಾಚಬೇಕಾಗುತ್ತದೆ. ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರಗಳನ್ನು ಓದುವ ಕನ್ನಡ ಮಕ್ಕಳು ವಾರಕ್ಕೊಂದು ಸಂಜೆ ವಿಭಾಗಕ್ಕೆ ಬಂದು, ಮುಂಬಯಿಯಿಂದಲೇ ಹೊರಡುವ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯ ಒಂದು ಲೇಖನದ ಮೊದಲ ಎರಡು ಪ್ಯಾರಾಗಳನ್ನು ಕನ್ನಡದಲ್ಲಿ ಬಿಡಿಸಿ ಚರ್ಚಿಸುವ ಏರ್ಪಾಡಿಗೆ ಹಣ ಬೇಕಾಗಿಲ್ಲ, ಒಂದು ಕೊಠಡಿ ಮತ್ತು ಕರಿಹಲಗೆ ಸಾಕು. ಹಗಲು ಹೋಟೆಲುಗಳಲ್ಲಿ ದುಡಿದವರಿಗಾಗಿ ಮುಂಬಯಿಯ ಕನ್ನಡ ಸಂಘಸಂಸ್ಥೆಗಳು ಇದಕ್ಕಿಂತ ಕಡಿಮೆ ಅನುಕೂಲದಲ್ಲಿ ರಾತ್ರಿಶಾಲೆಗಳನ್ನು ನಡೆಸಿದ್ದವು. ಮೊದಲ ಸಂಜೆಗೆ ಒಂದೇ ವಾಕ್ಯ ಸಾಕು: ಅದರಲ್ಲಿ ಕರ್ತೃ ಯಾರು, ಅವನನ್ನು ಎಲ್ಲಿ ಬಚ್ಚಿಟ್ಟಿದ್ದಾರೆ, ಲೇಖಕರು ಎಷ್ಟನ್ನು ಖಚಿತವಾಗಿ ಹೇಳಿದ್ದಾರೆ, ಎಷ್ಟಕ್ಕೆ 'ಅಂತೆ' ಸೇರಿಸಿದ್ದಾರೆ.