ಪಕ್ಕದ ಕಟ್ಟಡದವರನ್ನು ಮಾತಾಡಿಸು

ಪ್ರೀತಿಯ ಮಗಳೇ,

ನಿಮ್ಮ ಮೆಡಿಕಲ್ ಕಾಲೇಜಿನ ಕಾಂಪೌಂಡಿನಲ್ಲೇ ನರ್ಸಿಂಗ್, ಫಾರ್ಮಸಿ, ಫಿಜಿಯೋಥೆರಪಿ ಕಾಲೇಜುಗಳಿದ್ದರೂ ಅಲ್ಲಿನ ಒಬ್ಬರ ಪರಿಚಯವೂ ಇಲ್ಲ ಎಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಿಮಗೆಲ್ಲ ಪದವಿ ಕೊಡುವುದು ಒಂದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ನಾಳೆ ನಿಲ್ಲುವುದೂ ಒಂದೇ ಮಂಚದ ಸುತ್ತ.

ನಾನು ವಾರ್ಡ್ ಸಿಸ್ಟರ್ ಆಗಿದ್ದಾಗ ಪಾರ್ಶ್ವವಾಯು ಹೊಡೆದ ಅಜ್ಜ ಒಬ್ಬರು ಬಂದಿದ್ದರು. ನುಂಗಲಾಗದು, ಗಂಜಿ, ಮಾತ್ರೆ ಎಲ್ಲ ಮೂಗಿನ ಟ್ಯೂಬಿನಲ್ಲೇ. ಡಾಕ್ಟರ್ ಬರೆದ ಬಿ.ಪಿ. ಮಾತ್ರೆಯನ್ನು ಎಂದಿನಂತೆ ಪುಡಿ ಮಾಡಿ, ನೀರಿನಲ್ಲಿ ಕದಡಿ ಹಾಕಿದೆ. ಅದು ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿಯಾದರೆ ಇಡೀ ದಿನದ ಔಷಧಿ ಒಮ್ಮೆಗೇ ಮೈಗೇರುತ್ತದೆ. ಅಜ್ಜನ ಬಿ.ಪಿ. ಕುಸಿಯಿತು. ಡ್ರಿಪ್ ಏರಿಸಿ ಹೇಗೋ ಉಳಿಸಿಕೊಂಡೆವು. ಸಂಜೆ ಫಾರ್ಮಸಿಸ್ಟ್ ಬಂದು, "ಸಿಸ್ಟರ್, ಇದನ್ನು ಪುಡಿ ಮಾಡಬಾರದಿತ್ತು" ಎಂದರು. ನನಗೆ ಕೈಕಾಲು ಆಡಲಿಲ್ಲ. ಅವರಿಗೆ ಅದು ಕಾಲೇಜಿನ ಪಾಠ. ವರ್ಷಗಟ್ಟಲೆ ಒಂದೇ ಕಾರಿಡಾರಿನಲ್ಲಿ ಓಡಾಡಿದ್ದೆವು. ಔಷಧಿ ತರಿಸುವ ಇಂಡೆಂಟ್ ಪುಸ್ತಕ ಬಿಟ್ಟರೆ ನಮ್ಮ ನಡುವೆ ಬೇರೆ ಮಾತೇ ಇರಲಿಲ್ಲ.

ಆ ಮಾತು ಓದುವಾಗಲೇ ಶುರುವಾಗಬಹುದು. ಸ್ವೀಡನ್ನಿನ ಲಿನ್‌ಷೋಪಿಂಗ್‌ ವಿಶ್ವವಿದ್ಯಾಲಯದಲ್ಲಿ 1986ರಿಂದಲೇ ಬೇರೆ ಬೇರೆ ಆರೋಗ್ಯ ವೃತ್ತಿಗಳ ವಿದ್ಯಾರ್ಥಿಗಳಿಗೆ ಒಟ್ಟಿಗೆ ಕಲಿಸುತ್ತಾ ಬಂದಿದ್ದಾರೆ. 1996ರಲ್ಲಿ ಮೂಳೆ ರೋಗಿಗಳ ವಾರ್ಡೊಂದನ್ನೇ ಅವರಿಗೆ ಒಪ್ಪಿಸಿದರು, ಹಿರಿಯರು ಬೆನ್ನಿಗೆ ನಿಂತರು. ನಾಲ್ಕು ಕೋರ್ಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಹೇಳಿಬಿಟ್ಟರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ್ದೂ ಇದನ್ನೇ: ಒಬ್ಬರ ಜೊತೆ ಒಬ್ಬರು ಕಲಿಯಬೇಕು, ಒಬ್ಬರಿಂದ ಒಬ್ಬರು ಕಲಿಯಬೇಕು, ಒಬ್ಬರ ಕೆಲಸ ಏನೆಂದು ಇನ್ನೊಬ್ಬರು ತಿಳಿಯಬೇಕು.

ನಿಮ್ಮ ಟೈಮ್‌ಟೇಬಲ್ ಬದಲಾಗುವವರೆಗೆ ಕಾಯಬೇಡ. ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ವಾರಕ್ಕೊಂದು ಗಂಟೆ, ಆ ಮೂರು ಕಾಲೇಜುಗಳಿಂದ ಒಬ್ಬೊಬ್ಬರನ್ನು ಕರೆದು ಒಂದು ಕೇಸ್ ಮುಂದಿಟ್ಟುಕೊಂಡು ಕೂರು. ರೋಗಿಯ ಹೆಸರು ವಾರ್ಡಿನಲ್ಲೇ ಇರಲಿ. ಊಟ ಕೊಡುವಾಗ ಕೆಮ್ಮುತ್ತಾರೆಂದು ನರ್ಸಿಂಗ್ ಹುಡುಗಿ ನೋಡಿರುತ್ತಾಳೆ. ಆಸರೆ ಕೊಟ್ಟರೆ ಎಷ್ಟು ಹೊತ್ತು ಕೂರಬಲ್ಲರೆಂದು ಫಿಜಿಯೋಥೆರಪಿಯವರಿಗೆ ಗೊತ್ತಿರುತ್ತದೆ. ಡಾಕ್ಟರ್ ಆಗುವವಳೆಂದು ಎಲ್ಲರೂ ನಿನ್ನ ಮುಖವನ್ನೇ ನೋಡುತ್ತಾರೆ. ನೀನು ಕೊನೆಗೆ ಮಾತಾಡು. ಈಗ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೋಟಿನ ಮೇಲೆ ಹುದ್ದೆಯ ಹೆಸರು ಬಂದ ಮೇಲೆ, "ಇದು ನನಗೆ ಗೊತ್ತಿಲ್ಲ, ಹೇಳಿಕೊಡಿ" ಎನ್ನಲು ನಾಲಿಗೆ ಏಳುವುದಿಲ್ಲ. ನನಗೂ ಎದ್ದಿರಲಿಲ್ಲ.

ಮೊದಲ ಸಲ ಕೂತ ದಿನ ನನಗೆ ಬರೆ. ಫಾರ್ಮಸಿಯವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ