ಬ್ಯಾಡಗಿ ಮೆಣಸಿನ ಬೀಜವನ್ನು ಚಳಿಗಾಲದಲ್ಲಿ ಮನೆಯೊಳಗೆ ತಂದಿಡುವ ಕ್ರಮ

ಮೆಣಸಿನ ಗಿಡವು ಅಮೇರಿಕಾ ಖಂಡದಿಂದ ಬಂದುದು. ಸ್ವಭಾವದಿಂದ ಹಲವು ವರುಷ ಬಾಳತಕ್ಕುದು. ಹಿಮ ಬೀಳುವ ದೇಶಗಳಲ್ಲಿ ಅದು ಚಳಿಗೆ ಸಾಯುವುದರಿಂದ, ಗಿಡವನ್ನೇ ಕುಂಡದಲ್ಲಿಟ್ಟು ಮನೆಯೊಳಕ್ಕೆ ತರುವವರುಂಟು. ಹಾವೇರಿ ಸೀಮೆಯಲ್ಲಿ ಆ ಭಯವಿಲ್ಲ. ಇಲ್ಲಿ ಒಳಗೆ ತಂದು ಕಾಪಾಡತಕ್ಕದ್ದು ಬೀಜ.

ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಅದರ ಗಾಢವಾದ ಕೆಂಪು ಬಣ್ಣದಿಂದ ಮತ್ತು ಮೃದುವಾದ ಖಾರದಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ಬೀಜ ಬೆರಕೆಯಾದರೆ ಹೆಸರು ಉಳಿದೀತು, ಬಣ್ಣ ಉಳಿಯದು.

1. ಗಿಡದ ಆಯ್ಕೆ.— ಜೇನುನೊಣ ಮೊದಲಾದ ಕೀಟಗಳು ಒಂದು ಜಾತಿಯ ಪರಾಗವನ್ನು ಇನ್ನೊಂದರ ಹೂವಿಗೆ ಒಯ್ಯುತ್ತವೆ. ಆದುದರಿಂದ ಪ್ರಮಾಣಿತ ಬೀಜದ ಹೊಲಕ್ಕೂ ಬೇರೆ ಜಾತಿಯ ಮೆಣಸಿಗೂ 200 ಮೀಟರು ಅಂತರವಿರಬೇಕೆಂಬ ನಿಯಮವುಂಟು. ಅಂತರ ಸಾಲದಿದ್ದಲ್ಲಿ, ನೆರೆಯ ಹೊಲದವರೆಲ್ಲರೂ ಡಬ್ಬಿ ಅಥವಾ ಕಡ್ಡಿ, ಒಂದೇ ಜಾತಿಯನ್ನು ನೆಡುವಂತೆ ಊರಿನ ಗೌಡರು ಮುಂದಾಗಿ ಒಪ್ಪಿಸುವುದು ಲೇಸು. ಹೊಲದ ನಡುವಿನ, ಎಲೆ ಮುರುಟದ, ಜಾತಿಗೆ ತಕ್ಕ ಕಾಯಿ ಬಿಟ್ಟ ಗಿಡಗಳಿಗೆ ಕೊಯ್ಲಿಗೆ ಮುನ್ನವೇ ಬಟ್ಟೆಯ ಚೂರು ಕಟ್ಟಿ ಗುರುತಿಡಬೇಕು. ಸಂತೆಯ ರಾಶಿಯಿಂದ ಬೀಜ ತೆಗೆಯಲಾಗದು. ರಾಣೇಬೆನ್ನೂರು ಕಡೆ ಕೈಯಿಂದ ಪರಾಗ ಹಚ್ಚಿ ತಯಾರಿಸುವ ಸಂಕರಣ ಬೀಜದ ಬೆಳೆಯಿಂದಲೂ ಬೀಜ ಇಡಕೂಡದು. ಮುಂದಿನ ಪೀಳಿಗೆ ಒಂದೇ ಸಮನಾಗಿ ಬಾರದು.

2. ಒಣಗಿಸುವಿಕೆ.— ಗಿಡದಲ್ಲೇ ಪೂರ್ಣ ಕೆಂಪಾದ ಹಣ್ಣನ್ನು ಬೇರೆಯಾಗಿ ಬಿಡಿಸಿ, ಬರಿಯ ನೆಲಕ್ಕೆ ತಾಕದಂತೆ ಚಾಪೆಯ ಮೇಲೆ ತೆಳುವಾಗಿ ಹರಡಬೇಕು. ಮಾರ್ಗಶಿರ, ಪುಷ್ಯಗಳಲ್ಲಿ ರಾತ್ರಿ ಇಬ್ಬನಿ ಬೀಳುವುದು; ಸಂಜೆಯಾಗುತ್ತಲೇ ಕೂಡಿಸಿ ಮುಚ್ಚಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವ ವಾಡಿಕೆ ಬೀಜದ ಕಾಯಿಗೆ ಕೂಡದು. ಅಲ್ಲಾಡಿಸಿದರೆ ಬೀಜ ಗಲಗಲನೆಂದಾಗ ಬೇರ್ಪಡಿಸಿ, ಜೊಳ್ಳನ್ನು ತೂರಿ, ನೆರಳಿನಲ್ಲಿ ಮತ್ತೆ ಒಣಗಿಸಬೇಕು.

3. ಒಳಗಿಡುವಿಕೆ.— ಚೆನ್ನಾಗಿ ಒಣಗಿದ ಬೀಜವನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಜಾತಿಯ ಹೆಸರನ್ನೂ ಕೊಯ್ದ ತಿಂಗಳನ್ನೂ ಬರೆದಂಟಿಸಿ, ನೆಲಗೋಡೆಗಳ ಥಂಡಿ ತಾಕದ ತಂಪಾದ ಕೋಣೆಯಲ್ಲಿಡಬೇಕು.

4. ಪರೀಕ್ಷೆ.— ಮೇ ತಿಂಗಳಲ್ಲಿ ಸಸಿಮಡಿ ಹಾಕುವುದಕ್ಕೆ ಮೂರು ವಾರ ಮುಂಚೆ 100 ಬೀಜಗಳನ್ನೆಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಬಟ್ಟೆ ಆರಬಾರದು. 14 ದಿವಸಗಳಲ್ಲಿ 60ಕ್ಕೆ ಕಡಮೆ ಮೊಳೆತರೆ ಆ ಬೀಜವನ್ನು ಬಿಟ್ಟು ಬೇರೆಯದನ್ನು ಹುಡುಕತಕ್ಕದ್ದು. ಮಳೆ ಬಿದ್ದ ಮೇಲೆ ಮಡಿ ಬರಿದಾಗಿ ಕಂಡರೆ ಆ ವರುಷದ ಹದ ಮತ್ತೆ ಬಾರದು.