ಯೆರೆಮೀಯನ ಪತ್ರ ಮತ್ತು ಆರ್.ಎಚ್. ಕ್ಯಾಂಪು

ಧ್ಯಾನಕ್ಕೆ ಪಾಠ: ಯೆರೆಮೀಯ 29ನೇ ಅಧ್ಯಾಯ, ವಚನ 1ರಿಂದ 14



ಬೆಟ್ಟದ ಕೆಳಗಿನ ಅಂಗಡಿ ಸಾಲಿನಲ್ಲಿ ಮೇಣದಬತ್ತಿ, ಜಪಸರಗಳ ಜೊತೆಗೆ ಗೋಡೆಗೆ ತೂಗುಹಾಕುವ ವಚನದ ಫಲಕಗಳನ್ನೂ ಮಾರುತ್ತಾರೆ. ಅವುಗಳಲ್ಲಿ ಯಾವಾಗ ಕೇಳಿದರೂ ಸಿಗುವುದು ಯೆರೆಮೀಯ 29ರ 11ನೇ ವಚನ. ದೇವರು ತನ್ನ ಜನರ ಬಗ್ಗೆ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಕೇಡಿನ ಆಲೋಚನೆಯಲ್ಲ, ಹಿತದ ಆಲೋಚನೆ, ಮುಂದೆ ಒಳ್ಳೇ ದಿನ ಉಂಟು ಎಂಬುದು ಅದರ ತಾತ್ಪರ್ಯ. ಮದುವೆ ಕಾರ್ಡಿನ ಮೇಲೆ, ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ, ಹೊಸ ಮನೆಯ ಬಾಗಿಲ ಮೇಲೆ ಈ ವಚನವನ್ನು ಕಾಣಬಹುದು. ತಪ್ಪೇನಿಲ್ಲ, ದೇವರ ವಾಕ್ಯ ಎಲ್ಲಿದ್ದರೂ ಒಳ್ಳೇದೇ. ಆದರೆ ಫಲಕದಲ್ಲಿ 11ನೇ ವಚನ ಮಾತ್ರ ಇರುತ್ತದೆ. ಅದಕ್ಕೆ ಮುಂಚಿನ 5, 6, 7 ಮತ್ತು 10 ಅಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಕೊಳ್ಳುವವರು ಕಡಿಮೆ ಆಗ್ತಿದ್ರೋ ಏನೋ, ಯಾಕಂದರೆ 10ನೇ ವಚನದಲ್ಲಿ ಎಪ್ಪತ್ತು ವರ್ಷ ಅಂತ ಇದೆ.

ಈ ಅಧ್ಯಾಯ ಮೂಲದಲ್ಲಿ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಜೆರುಸಲೇಮಿನಿಂದ ಅರಸನನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆಹಿಡಿದುಕೊಂಡು ಹೋದ. ಹಾಗೆ ಹೋದವರಿಗೆ ಊರಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯನು ಈ ಕಾಗದ ಬರೆದ. ಸರ್ಕಾರಿ ಕೆಲಸದ ಮೇಲೆ ಬಾಬಿಲೋನಿಗೆ ಹೊರಟಿದ್ದ ಇಬ್ಬರ ಕೈಯಲ್ಲಿ ಅದನ್ನು ಕಳಿಸಿದ. ಅವರ ಹೆಸರು ಸಹ 3ನೇ ವಚನದಲ್ಲಿ ಇದೆ, ಓದಿ ನೋಡಿರಿ.

ಸೆರೆಹೋದವರಿಗೆ ಅಳು ಬಾರದೆ ಇರುತ್ತದೆಯೇ? ಕೀರ್ತನೆ 137 ಅವರ ಅಳುವೇ. ಅಳಬೇಡಿ ಅಂತ ಯೆರೆಮೀಯ ಎಲ್ಲೂ ಬರೆದಿಲ್ಲ. ಅವನಿಗೆ ಭಯ ಇದ್ದದ್ದು ಬೇರೆ ಕಡೆಯಿಂದ. ಹಿಂದಿನ 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಒಬ್ಬ ಪ್ರವಾದಿ ಬರುತ್ತಾನೆ. ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನೆರಡು ವರ್ಷದಲ್ಲಿ ಎಲ್ಲರೂ ವಾಪಸು ಬಂದೇ ಬರುತ್ತಾರೆ, ಹೋದ ಪಾತ್ರೆ ಪಡಗ ಕೂಡ ಬರುತ್ತದೆ ಅಂತ ಸಾರುತ್ತಾನೆ. ಕೇಳೋದಕ್ಕೆ ಎಷ್ಟು ಚೆಂದ! ಯೆರೆಮೀಯ ಸಹ ಮೊದಲಿಗೆ ‘ಆಮೆನ್, ಹಾಗೇ ಆಗಲಿ’ ಎಂಬರ್ಥದಲ್ಲೇ ಉತ್ತರ ಕೊಡುತ್ತಾನೆ. ಆದರೆ ಅದು ದೇವರ ಮಾತಾಗಿರಲಿಲ್ಲ. ಅದನ್ನು ನಂಬಿದವರು ಬಾಬಿಲೋನಿನಲ್ಲಿ ಗಂಟುಮೂಟೆ ಬಿಚ್ಚದೆ ಕೂತಿರುತ್ತಾರೆ. ಎರಡೇ ವರ್ಷಕ್ಕೆ ಮನೆ ಯಾಕೆ ಕಟ್ಟಬೇಕು, ಮಗಳಿಗೆ ಮದುವೆ ಯಾಕೆ ಮಾಡಬೇಕು ಅಂತ.

ಅಂಥವರಿಗೆ ಪತ್ರ ಹೇಳುವುದು ಇಷ್ಟು. ಮನೆ ಕಟ್ಟಿಕೊಳ್ಳಿ, ವಾಸಮಾಡಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಾಣಿರಿ, ಕಡಿಮೆಯಾಗಬೇಡಿ. ನೀವು ಯಾವ ಊರಿಗೆ ಸೆರೆಯಾಗಿ ಬಂದಿದ್ದೀರೋ ಆ ಊರಿನ ಒಳಿತಿಗಾಗಿ ದುಡಿಯಿರಿ, ಪ್ರಾರ್ಥಿಸಿರಿ. ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆಸಿಕೊಳ್ಳುತ್ತೇನೆ. ಇಷ್ಟೆಲ್ಲಾ ಆದ ಮೇಲೆ 11ನೇ ವಚನದ ಭರವಸೆ ಬರುತ್ತದೆ.

ಇದು ಓದುವುದಕ್ಕೆ ಸುಲಭ, ಬದುಕುವುದಕ್ಕೆ ಎಂಥಾ ಕಷ್ಟ ಎಂಬುದನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬರುವ ಯಾತ್ರಿಕರು ದೂರ ಹೋಗಿ ತಿಳಿಯಬೇಕಾಗಿಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳು ಅಲ್ಲೇ ಇವೆ. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ, ಅಂದರೆ 1971ರಲ್ಲಿ ಬಾಂಗ್ಲಾದೇಶವಾದ ಆ ನಾಡಿನಿಂದ, ಮನೆಮಠ ಬಿಟ್ಟು ಓಡಿಬಂದ ಬಂಗಾಳಿ ಕುಟುಂಬಗಳನ್ನು 1970ರ ದಶಕದಲ್ಲಿ ಸರ್ಕಾರ ಇಲ್ಲಿಗೆ ತಂದು ನೆಲೆಗೊಳಿಸಿತು. ಬರ್ಮಾದಿಂದ ಹಿಂತಿರುಗಿದ ಕುಟುಂಬಗಳೂ ಇಲ್ಲಿ ನೆಲೆ ಕಂಡವು. ಕ್ಯಾಂಪುಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ.

ನದಿ, ಕೆರೆ, ಮೀನಿನ ನಾಡಿನವರು ಬಂದು ಬಿದ್ದದ್ದು ಎರೆಮಣ್ಣಿನ ಬಿಸಿಲು ಸೀಮೆಗೆ. ಭಾಷೆ ಗೊತ್ತಿಲ್ಲ. ಬೇಸಿಗೆಯ ಬಿಸಿಲು ಹೇಗಿರುತ್ತದೆಂದು ರಾಯಚೂರು ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ. ಇದ್ದ ಒಂದೇ ಆಸರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅವರು ಮನೆ ಕಟ್ಟಿದರು, ಭತ್ತ ಹಚ್ಚಿದರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ. ಮಕ್ಕಳು ಕನ್ನಡ ಶಾಲೆಗೆ ಹೋದರು. ದಸರೆಯ ಸಮಯಕ್ಕೆ ಕ್ಯಾಂಪುಗಳಲ್ಲಿ ದುರ್ಗಾಪೂಜೆ ನಡೆಯುತ್ತದೆ, ಸುತ್ತಲ ಊರಿನವರೂ ನೋಡಲು ಹೋಗುತ್ತಾರೆ. ಅವರಲ್ಲಿ ಅನೇಕರು ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಅಲೆದಿದ್ದಾರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮಗಳು ಬಂದದ್ದೇ 2024ರ ಮಾರ್ಚಿನಲ್ಲಿ. ಹೆಚ್ಚಿನವರು ಹಿಂದೂಗಳು, ಯೆರೆಮೀಯನ ಹೆಸರು ಕೇಳಿರುವ ಸಂಭವ ಕಡಿಮೆ. ಆದರೂ 5 ಮತ್ತು 6ನೇ ವಚನ ಏನು ಹೇಳುತ್ತದೋ ಅದನ್ನು ಗಂಟು ಬಿಚ್ಚಿ ಮಾಡಿ ತೋರಿಸಿದವರು ಅವರು. ವಚನವನ್ನು ಫಲಕದಲ್ಲಿ ತೂಗುಹಾಕಿದ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಅಷ್ಟು ಕೂಡ ನಡೆದಿರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಸಂಕೋಚ ಬೇಡ. ಒಳ್ಳೆಯ ಸಮಾರಿಯದವನ ಕಥೆಯಲ್ಲಿ ಪ್ರಭು ಯೇಸು ಹೊರಗಿನವನನ್ನೇ ಮಾದರಿಯಾಗಿ ನಿಲ್ಲಿಸಲಿಲ್ಲವೇ?

ಇನ್ನೊಂದು ಸಂಗತಿ. ಬಾಬಿಲೋನಿಗೆ ಹೋದ ಯೆಹೂದ್ಯರೂ ಕಾಲುವೆ ದಂಡೆಯವರೇ. ಯೆಹೆಜ್ಕೇಲನು ದೇವದರ್ಶನ ಕಂಡದ್ದು ಕೆಬಾರ್ ಎಂಬ ನೀರಿನ ಬಳಿ (ಯೆಹೆಜ್ಕೇಲ 1:1). ಅದು ಹೊಲಗಳಿಗೆ ನೀರುಣಿಸುವ ಕಾಲುವೆ ಎಂದು ಪಂಡಿತರು ಹೇಳುತ್ತಾರೆ. ಆ ನಾಡಿನಿಂದ ಸಿಕ್ಕ ಸುಟ್ಟ ಇಟ್ಟಿಗೆ ಬಣ್ಣದ ಸಣ್ಣ ಮಣ್ಣಿನ ಹಲಗೆಗಳನ್ನು 2014ರಲ್ಲಿ ಓದಿ ಪ್ರಕಟಿಸಿದ್ದಾರೆ. ಅವುಗಳಲ್ಲಿ ‘ಯೆಹೂದದ ಊರು’ ಎಂಬರ್ಥದ ಹೆಸರಿನ ಹಳ್ಳಿ ಬರುತ್ತದೆ. ಅತಿ ಹಳೆಯದು ಕ್ರಿ.ಪೂ. 572ರದ್ದು. ಅವುಗಳಲ್ಲಿ ಇರುವುದು ದೊಡ್ಡ ದೊಡ್ಡ ಮಾತುಗಳಲ್ಲ. ಯಾರ ಹೊಲ, ಎಷ್ಟು ಜವೆಗೋಧಿ, ಎಷ್ಟು ಖರ್ಜೂರ, ಯಾರು ಯಾರಿಗೆ ಎಷ್ಟು ಬಾಕಿ, ಕಂದಾಯ ಎಷ್ಟು. ನಮ್ಮ ಕಡೆ ಪಹಣಿ, ಸೊಸೈಟಿ ಚೀಟಿ ಇದ್ದ ಹಾಗೆ. ಪತ್ರ ಕಳಿಸಿ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಆ ಜನ ಹೊಲ ಹಿಡಿದು ಬೇರು ಬಿಟ್ಟಿದ್ದರು.

ಈಗ ಇದನ್ನು ದಿನದ ಬಾಳಿಗೆ ಹೇಗೆ ಹಚ್ಚಿಕೊಳ್ಳಬೇಕು?

ಮೊದಲಿಗೆ ಗುಳೆ ಹೋಗುವವರ ಮಾತು. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಿಂದ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿಗೆ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತದೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ತಗಡಿನ ಶೆಡ್ಡಿನಲ್ಲಿ ಇರುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇನ್ನ ನಾಕು ತಿಂಗಳು, ಆಮ್ಯಾಲ ಊರಿಗೆ ಹೋಗೋದ ಐತಲ್ಲ.’ ನಾಕು ತಿಂಗಳು ನಾಕು ವರ್ಷ ಆಗುತ್ತದೆ. ಅಷ್ಟರಲ್ಲಿ ಮಗ ಇಟ್ಟಿಗೆ ಹೊರುವಷ್ಟು ದೊಡ್ಡವನಾಗುತ್ತಾನೆ, ಶಾಲೆ ಹೋಯಿತು. ಹತ್ತಿರದ ಚರ್ಚ್ ಯಾವುದೆಂದು ವಿಚಾರಿಸಲಿಲ್ಲ, ನಾವೇನು ಇಲ್ಲಿಯವರಾ ಅಂತ. ಇದೇ ಹನನ್ಯನ ಎರಡು ವರ್ಷ. ಇಂಥ ಮನೆಯವರಿಗೆ 11ನೇ ವಚನ ಓದಿ ‘ದೇವರು ಒಳ್ಳೇದು ಮಾಡ್ತಾನೆ’ ಅಂದು ಕಳಿಸಿದರೆ ಸಾಲದು. 5 ಮತ್ತು 6ನ್ನು ಓದಿ, ಹೋದ ವಾರದಲ್ಲೇ ಮಗುವನ್ನು ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿರಿ, ಅಲ್ಲಿಯ ಧರ್ಮಕೇಂದ್ರದ ಗುರುಗಳನ್ನು ಕಂಡು ಹೆಸರು ಹೇಳಿರಿ ಎನ್ನಬೇಕು. ಆರು ತಿಂಗಳೇ ಇರಲಿ. ಆ ಆರು ತಿಂಗಳೂ ದೇವರ ಲೆಕ್ಕದಲ್ಲಿ ಬಾಳೇ. ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆ ಬಂತೆಂದು, ಟಿ.ಸಿ. ಇಲ್ಲವೆಂದು ಹಿಂದಕ್ಕೆ ಕಳಿಸುವಂತಿಲ್ಲ. ಇದು ಯಾತ್ರೆಯ ಪುಸ್ತಕದಲ್ಲಿ ಯಾಕೆ ಅಂದರೆ, ವಚನವನ್ನು ನಡೆಸಬೇಕಾದ ಜಾಗ ಅದೇ.

ಎರಡನೆಯದು 7ನೇ ವಚನ, ಊರಿನ ಒಳಿತು. ಮೂಲ ಹೀಬ್ರೂವಿನಲ್ಲಿ ಆ ಪದ ‘ಶಾಲೋಮ್’. ಬರೀ ಜಗಳವಿಲ್ಲದ ಶಾಂತಿ ಅಲ್ಲ, ಎಲ್ಲರ ಹೊಟ್ಟೆಬಟ್ಟೆ ನೆಟ್ಟಗಿರುವ ಕ್ಷೇಮ. ಹಾಗೇ 11ನೇ ವಚನದ ‘ನಿಮ್ಮ’ ಎಂಬ ಮಾತನ್ನೂ ಗಮನಿಸಬೇಕು. ಕನ್ನಡದಲ್ಲಿ ಒಬ್ಬರಿಗೆ ಮರ್ಯಾದೆ ಕೊಟ್ಟು ಮಾತಾಡಿದರೂ ‘ನಿಮ್ಮ’ ಅಂತೀವಿ, ಹಾಗಾಗಿ ಓದಿದವರು ಇದು ನನಗೊಬ್ಬನಿಗೆ ಅಂದುಕೊಳ್ಳುತ್ತಾರೆ. ಮೂಲದಲ್ಲಿ ಅದು ಬಹುವಚನ. ಭರವಸೆ ಕೊಟ್ಟಿರುವುದು ಒಂದು ಜನಕ್ಕೆ. ಒಬ್ಬನ ಗದ್ದೆಗೆ ಮಾತ್ರ ಹಿತದ ಯೋಜನೆ, ಕೆಳಗಿನ ಗದ್ದೆಯವನಿಗೆ ಇಲ್ಲ ಅಂತಲ್ಲ.

ಕಾಲುವೆಯ ವಿಷಯಕ್ಕೇ ಬರೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತು. ನಾಟಿ ಮಾಡಿದ ಗದ್ದೆಗಳು ಕಣ್ಣೆದುರೇ ಇದ್ದವು, ನೀರು ನದಿ ಪಾಲಾಗುತ್ತಿತ್ತು. ಆ ದಿನಗಳಲ್ಲಿ ಎಷ್ಟೊಂದು ಪ್ರಾರ್ಥನೆ ನಡೆಯಿತೋ ದೇವರಿಗೇ ಗೊತ್ತು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಗೇಟು ಇಳಿಸಿ ಇಂಜಿನಿಯರುಗಳೂ ಕೂಲಿಕಾರರೂ ನೀರು ನಿಲ್ಲಿಸಿದರು. ಎಲ್ಲರೂ ದೇವರಿಗೆ ವಂದನೆ ಹೇಳಿದರು, ಹೇಳಲೇಬೇಕು. ಆದರೆ ಉಳಿದ ನೀರನ್ನು ಹಂಚಿಕೊಳ್ಳುವಾಗ 7ನೇ ವಚನ ನೆನಪಿರುತ್ತದೆಯೇ? ಮೇಲ್ಭಾಗದಲ್ಲಿ ರಾತ್ರಿ ಮೋಟಾರು ಹಚ್ಚಿ ನೀರೆತ್ತುತ್ತಾರೆ, ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಗೆ ನೀರು ಮುಟ್ಟುವುದಿಲ್ಲ ಎಂಬ ದೂರು ಬಹಳ ಹಳೆಯದು. ಮನೆಯಲ್ಲಿ ಫಲಕ ತೂಗುಹಾಕಿಕೊಂಡು ರಾತ್ರಿ ಎರಡು ಗಂಟೆಗೆ ಕಾಲುವೆಗೆ ಪೈಪು ಇಳಿಸುವವನು ಆ ವಚನವನ್ನು ಓದಿದ್ದಾನೆ ಎನ್ನಲಾಗದು. ಅವನ ಸರದಿ ಮುಗಿದ ಕೂಡಲೇ ತೂಬು ಮುಚ್ಚುವುದು ಅವನ ಪಾಲಿನ ಶಾಲೋಮ್. ಜಪಸರ ಹೇಳುವುದಕ್ಕಿಂತ ಇದು ಕಷ್ಟ. ಗೇಟಿನ ಹತ್ತಿರ ಯಾರೂ ನೋಡುತ್ತಿರುವುದಿಲ್ಲವಲ್ಲ.

ಪಕ್ಕದ ಮುದಗಲ್ಲನ್ನೂ ನೆನೆಯಬಹುದು. ಲಿಂಗಸುಗೂರು ತಾಲ್ಲೂಕಿನ ಈ ಕೋಟೆಯೂರಿನಲ್ಲಿ 16ನೇ ಶತಮಾನದಿಂದ ಕಥೋಲಿಕ ವಿಶ್ವಾಸಿಗಳಿದ್ದಾರೆ. ವಿಜಯನಗರ, ಬಹಮನಿ, ಬಿಜಾಪುರದ ಆದಿಲಶಾಹಿಗಳು ಕಚ್ಚಾಡಿದ ಕೋಟೆ ಅದು. ಆಮೇಲೆ ಮೊಗಲರು, ನಿಜಾಮರು. ಅರಸರು ಬದಲಾದರು, ಸಣ್ಣದೊಂದು ಕ್ರೈಸ್ತ ಸಮುದಾಯ ಊರಿನ ಜೊತೆಗೇ ಬಾಳಿತು. ಮುದಗಲ್ಲಿನ ಮೊಹರಂಗೆ ಜಾತಿಮತ ನೋಡದೆ ಜನ ಸೇರುವುದು ನಾಡಿಗೇ ಗೊತ್ತು. ಊರಿನ ಹಬ್ಬಕ್ಕೆ ಹೋದರೆ ವಿಶ್ವಾಸ ಕರಗುತ್ತದೆ ಎಂದು ಹೆದರುವವರು ನಾನೂರು ವರ್ಷಕ್ಕೂ ಮೇಲ್ಪಟ್ಟು ಉಳಿದ ಆ ಧರ್ಮಕೇಂದ್ರವನ್ನು ಒಮ್ಮೆ ನೋಡಿ ಬರಬೇಕು.

ಮೂರನೆಯದನ್ನು ಚಿಕ್ಕದಾಗಿ ಹೇಳಿದರೆ ಸಾಕು. ಬಂದವರಿಗೆ ಯೆರೆಮೀಯ 29 ಇದ್ದರೆ, ಮೊದಲಿಂದ ಇದ್ದವರಿಗೆ ಯಾಜಕಕಾಂಡ 19:33-34 ಇದೆ. ಪರದೇಶಿಯನ್ನು ನಿಮ್ಮವನಂತೆ ಪ್ರೀತಿಸಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬುದು ಅದರ ಸಾರ. ‘ಅವ್ರು ಕ್ಯಾಂಪಿನವ್ರು’ ಎಂದು ತುಟಿ ಕೊಂಕಿಸುವ ಮೊದಲು ಇದನ್ನು ಓದಬೇಕು. ಬೆಂಗಳೂರಿನ ಶೆಡ್ಡಿನಲ್ಲಿ ತಮ್ಮ ಅಣ್ಣತಮ್ಮಂದಿರನ್ನೂ ಯಾರೋ ಹಾಗೇ ಕರೆಯುತ್ತಿರುತ್ತಾರೆ.

ಒಂದು ಎಚ್ಚರಿಕೆ. ಮೊನ್ನೆ ಮೊನ್ನೆ ಮಗನನ್ನು ಮಣ್ಣು ಮಾಡಿ ಬಂದ ತಾಯಿಗೆ ಈ ಅಧ್ಯಾಯ ಹಿಡಿದು ‘ಗಂಟು ಬಿಚ್ಚಮ್ಮಾ’ ಎನ್ನಬಾರದು. ಅವರಿಗೆ ಕೀರ್ತನೆ 137 ಇದೆ, ಪಕ್ಕದಲ್ಲಿ ಸುಮ್ಮನೆ ಕೂರುವವರು ಬೇಕು. ಯಾವ ವಚನ ಯಾರಿಗೆ, ಯಾವಾಗ ಎಂದು ನೋಡುವುದೂ ವಾಕ್ಯವನ್ನು ಬಾಳಿಗೆ ಹಚ್ಚುವುದರಲ್ಲೇ ಸೇರಿದೆ.

ಪತ್ರ ಓದಿಸಿಕೊಂಡವರಲ್ಲಿ ದೊಡ್ಡವರು ಯಾರೂ ಊರು ಕಂಡಿರಲಿಕ್ಕಿಲ್ಲ. ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೋರೆಷನು ಬಾಬಿಲೋನನ್ನು ಹಿಡಿದ ಮೇಲೆ ಹೊರಟವರು ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳು. ಅವರ ಪಟ್ಟಿ ಎಜ್ರ 2ನೇ ಅಧ್ಯಾಯದಲ್ಲಿದೆ, ಒಟ್ಟು 42,360 ಮಂದಿ. ಎಷ್ಟೋ ಜನ ಅಲ್ಲೇ ಉಳಿದರು. ಅಜ್ಜ ಅಜ್ಜಿ ಪರದೇಶದಲ್ಲಿ ಮದುವೆ ಮಾಡಿಕೊಂಡು ತೋಟ ನೆಟ್ಟಿದ್ದರಿಂದಲೇ ಆ ಪಟ್ಟಿಗೆ ಹೆಸರು ಬರೆಸಲು ಮೊಮ್ಮಕ್ಕಳಿದ್ದರು.

ಫಲಕ ಕೊಂಡವರು ಮನೆಗೆ ಹೋದ ಮೇಲೆ ಬೈಬಲ್ ತೆಗೆದು 4ರಿಂದ 14ನೇ ವಚನದವರೆಗೆ ಮನೆಮಂದಿಗೆಲ್ಲ ಕೇಳಿಸುವಂತೆ ಒಬ್ಬರು ಓದಿರಿ. ಐದು ನಿಮಿಷ ಸಾಕು. ಆಮೇಲೆ ಈ ವಾರ ಮಾಡಬಹುದಾದ ಒಂದು ಕೆಲಸ ಮಾತಾಡಿಕೊಳ್ಳಿರಿ: ಶಾಲೆಗೆ ಸೇರಿಸುವುದೋ, ತೂಬು ಮುಚ್ಚುವುದೋ, ಓಣಿಗೆ ಹೊಸದಾಗಿ ಬಂದವರ ಹೆಸರು ಕೇಳಿ ಬರುವುದೋ.